ಕೇಳಿದರೆ ಮಾತ್ರ

ಭಾನುವಾರ, 4 ಮೇ 1958

ಎಮಿಲ್ ಅರಿಜೋನಾಗೆ ಹೊರಟು ಹೋಗಿ ಇವತ್ತಿಗೆ ಮೂರು ವಾರ. ಹತ್ತೊಂಬತ್ತು ವರ್ಷ ನಾವಿಬ್ಬರೂ ಈ ಜಿಲ್ಲೆಯ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿದ್ದೆವು. ಬ್ಯಾಟಿನವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ನಾನು, ಓಟಗಾರರು ಮುಟ್ಟಬೇಕಾದ ಬೇಸುಗಳ ನಡುವೆ ಅವನು. ಜನ ನಮ್ಮನ್ನು ಬೈದದ್ದೆಲ್ಲ ಕಾರಿನಲ್ಲಿ ವಾಪಸು ಬರುವಾಗ ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗುತ್ತಿದ್ದೆವು. ಈಗ ಅವನ ಶ್ವಾಸಕೋಶಕ್ಕೆ ಒಣಹವೆ ಬೇಕಂತೆ. ಹೇಳಿಕೊಳ್ಳಲು ಯಾರೂ ಇಲ್ಲದೆ ನಾನು ಅಡುಗೆಮನೆಯಲ್ಲಿ ಸುತ್ತಾಡುವುದನ್ನು ನೋಡಿ ಬೇಸತ್ತ ಹೆಂಡತಿ ಥೋರಾ ಈ ಪುಸ್ತಕ ತಂದು ಕೈಗಿಟ್ಟಳು. ನನ್ನ ತಲೆ ತಿನ್ನುವ ಬದಲು ಇದರಲ್ಲಿ ಬರೆ ಎಂದಳು.

ಲೀಗಿನ ಕಾರ್ಯದರ್ಶಿ ಹೊಬಾರ್ಟ್ ಪೈನ್ ಶುಕ್ರವಾರ ನಾನು ಕೆಲಸ ಮಾಡುವ ಡೇರಿಗೆ ಬಂದಿದ್ದ. ನಾನು ಹಾಲಿನ ಜಿಡ್ಡಿನಂಶ ಪರೀಕ್ಷೆ ಮಾಡುತ್ತಿದ್ದೆ. ನನ್ನ ಕೈಯಲ್ಲಿ ಆಸಿಡ್ ಇರುವಾಗ ಮಾತಾಡಿಸಬಾರದೆಂದು ಗೊತ್ತಿದ್ದೂ ಮಾತಾಡಿಸಿದ. ಎಮಿಲ್ ಜಾಗಕ್ಕೆ ಒಬ್ಬ ಸಿಕ್ಕಿದ್ದಾನೆ ಎಂದ. ಯಾರು ಎಂದೆ. ಗಾಜಿನ ಬಾಟಲಿ ಕೆಳಗಿಟ್ಟ ಮೇಲೆ ಹೇಳುತ್ತೇನೆ ಎಂದ.

ಅಲೋಯಿಸ್ ಕ್ರಾಂಜ್. ಸೇಂಟ್ ಒಡಿಲಿಯಾ ಊರಿನ ಮಾಂಸದಂಗಡಿಯವನು, ಹದಿನಾಲ್ಕು ವರ್ಷದಿಂದ ಆ ಊರಿನ ತಂಡದ ಮ್ಯಾನೇಜರ್. ಈ ಹದಿನಾಲ್ಕು ವರ್ಷದಲ್ಲಿ ನಾನು ಆ ಮನುಷ್ಯನನ್ನು ಮೈದಾನದಿಂದ ಹೊರಗೆ ಕಳಿಸಿದ್ದು ಇಪ್ಪತ್ತಾರು ಸಲ. ಹೋದ ಆಗಸ್ಟಿನಲ್ಲಿ ಅವನು ನನ್ನ ಕೈಯಿಂದ ಪ್ಲೇಟು ಗುಡಿಸುವ ಬ್ರಷ್ ಕಿತ್ತುಕೊಂಡು ಬೇಲಿಯಾಚೆಯ ಜೋಳದ ಹೊಲಕ್ಕೆ ಎಸೆದ. ಅದಕ್ಕೆ ಲೀಗು ಅವನನ್ನು ಎರಡು ವರ್ಷ ಹೊರಗಿಟ್ಟಿತು. ಈಗ ಪೈನ್ ಒಂದು ದಾರಿ ತೋರಿಸಿದ್ದಾನೆ: ಒಂದು ಬೇಸಿಗೆ ಪೂರ್ತಿ ಅಂಪೈರ್ ಆಗಿ ದುಡಿದರೆ ಶಿಕ್ಷೆ ಮಾಫಿ. ಅವನ ಸ್ವಂತ ತಂಡದ ಪಂದ್ಯಗಳಿಗೆ ಮಾತ್ರ ಕಳಿಸುವುದಿಲ್ಲ. ಕ್ರಾಂಜ್ ಒಪ್ಪಲಾರ ಎಂದುಕೊಂಡೇ ಕೇಳಿದನಂತೆ. ಅವನು ಹಟಕ್ಕೆ ಒಪ್ಪಿಬಿಟ್ಟ.

ನಾನೂ ಹಟಕ್ಕೇ ಒಪ್ಪಿದೆ.

ಭಾನುವಾರ, 11 ಮೇ

ಭಾನುವಾರ ನಮ್ಮ ಕಾರು ಥೋರಾಗೆ ಬೇಕು. ಎರಡು ಹಳ್ಳಿಯ ಚರ್ಚುಗಳಲ್ಲಿ ಅವಳು ಆರ್ಗನ್ ನುಡಿಸಬೇಕು. ಹಾಗಾಗಿ ನಾನು ಕ್ರಾಂಜ್‌ನ ಮಾಂಸದ ವ್ಯಾನಿನಲ್ಲೇ ಹೋಗಬೇಕಾಯಿತು. ಹದಿನಾಲ್ಕು ಮೈಲಿ, ಒಂದು ಮಾತಿಲ್ಲ. ಹೊಗೆ ಹಾಕಿದ ಸಾಸೇಜಿನ ವಾಸನೆ ನನ್ನ ಕರಿಕೋಟಿಗೆ ಹತ್ತಿ ಇನ್ನೂ ಹೋಗಿಲ್ಲ.

ಮೂರನೇ ಇನ್ನಿಂಗ್ಸಿನಲ್ಲಿ ಪಿಚರ್ ಎಸೆದ ಚೆಂಡು ಬ್ಯಾಟಿನವನ ಮೊಣಕಾಲಿಗಿಂತ ಕೆಳಗೆ ಬಂತು. ಹೊಡೆಯಲೇಬೇಕಾದ ಚೆಂಡಲ್ಲ, ಹಾಗಾಗಿ ಸ್ಟ್ರೈಕ್ ಅಲ್ಲ ಎಂದೆ. ಆಗ ಎರಡನೇ ಬೇಸಿನ ಹತ್ತಿರ ಅಂಪೈರ್ ಆಗಿ ನಿಂತಿದ್ದ ಮನುಷ್ಯ ಎರಡೂ ಕೈ ಆಕಾಶಕ್ಕೆತ್ತಿ, "ಅದು ಸ್ಟ್ರೈಕ್ ಕಣೋ, ಕುರುಡ!" ಎಂದು ಕೂಗಿದ. ಎರಡೂ ಊರಿನ ಜನ ಬೆಂಚು ತಟ್ಟಿಕೊಂಡು ನಕ್ಕರು. ಹದಿನಾಲ್ಕು ವರ್ಷದ ಅಭ್ಯಾಸ, ಬಾಯಿಂದ ಬಂದುಬಿಟ್ಟಿತು ಎಂದು ಆಮೇಲೆ ಹೇಳಿದ. ಕ್ಷಮೆ ಕೇಳಿದ ಹಾಗಿರಲಿಲ್ಲ.

ಇನ್ನಿಂಗ್ಸ್ ಮುಗಿದ ಮೇಲೆ ಅವನನ್ನು ಬೇಲಿಯ ಹತ್ತಿರ ಕರೆದೆ.

"ನೋಡು ಕ್ರಾಂಜ್, ನನ್ನ ತೀರ್ಪು ನನ್ನದು, ನಿನ್ನದು ನಿನ್ನದು. ನಿನಗೆ ಏನೇ ಕಂಡ್ರೂ ನಾನು ಕೇಳಿದರೆ ಮಾತ್ರ ಹೇಳ್ಬೇಕು. ಇಲ್ಲಾಂದ್ರೆ ಕೈ ಹಿಂದೆ ಕಟ್ಕೊಂಡು ನಿಂತಿರು."

"ಎಮಿಲ್‌ನ ಎಷ್ಟು ಸಲ ಕೇಳಿದ್ದೆ?"

"ಒಂದು ಸಲಾನೂ ಇಲ್ಲ."

"ಅಂದ್ಕೊಂಡೆ," ಎಂದ.

ನಿಜವೇ. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ತೀರ್ಪನ್ನೂ ಬದಲಿಸಿಲ್ಲ. ಅಂಪೈರ್ ಒಂದು ಸಲ ಬದಲಿಸಿದರೆ ಮರುದಿನದಿಂದ ಪ್ರತಿ ಚೆಂಡಿಗೂ ಚೌಕಾಸಿ ಶುರುವಾಗುತ್ತದೆ.

ಭಾನುವಾರ, 18 ಮೇ

ಮಳೆ. ಪಂದ್ಯವಿಲ್ಲ. ಒಳ್ಳೆಯದೇ ಆಯಿತು.

ಭಾನುವಾರ, 25 ಮೇ

ಇವತ್ತು ಗ್ರಾನ್ಬಿಯಲ್ಲಿ ಆ ಮನುಷ್ಯ ಮೊದಲ ಸಲ ಬೈಗುಳ ತಿಂದ. ಗ್ರಾನ್ಬಿಯ ಮ್ಯಾನೇಜರ್ ಡೆಲ್ ಹ್ಯಾಗ್‌ಸ್ಟ್ರಾಮ್ ಉದ್ದನೆಯ ಆಸಾಮಿ. ಬೈಯುವಾಗ ಬಾಗಿ ಮುಖಕ್ಕೆ ಮುಖ ತಂದು ಬೈಯುತ್ತಾನೆ. ಒಬ್ಬ ಓಟಗಾರ ಎರಡನೇ ಬೇಸಿಗೆ ಜಾರಿದಾಗ ಕ್ರಾಂಜ್ ಔಟ್ ಕೊಟ್ಟ. ಸರಿಯಾದ ತೀರ್ಪೇ. ಹ್ಯಾಗ್‌ಸ್ಟ್ರಾಮ್ ಬಂದವನೇ ಅವನ ಕಣ್ಣು, ಅವನ ಹೊಟ್ಟೆ, ಅವನ ಸಾಸೇಜಿನಲ್ಲಿ ಏನೇನು ಹಾಕುತ್ತಾನೆ ಎಂಬುದರ ತನಕ ಎಲ್ಲವನ್ನೂ ಬೈದ. ಬೆಂಚಿನ ಮೇಲಿನ ಹೆಂಗಸರು ಕ್ರಾಂಜ್‌ಗೊಂದು ಜೊತೆ ಕಣ್ಣು ಕೊಡಿಸಲು ಚಂದಾ ಎತ್ತೋಣ ಎಂದರು. ನಾನು ದೂರದಿಂದ ನೋಡುತ್ತಿದ್ದೆ. ಖುಷಿಯಾಗಬೇಕಿತ್ತು. ಅವನ ಕಿವಿ ಬೆಳ್ಳಗಾಗಿತ್ತು. ಕೈ ಹಿಂದೆ ಕಟ್ಟಿಕೊಂಡಿದ್ದ. ಆದರೆ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.

ವ್ಯಾನಿನಲ್ಲಿ ಆರೇಳು ಮೈಲಿ ಆದ ಮೇಲೆ ಕೇಳಿದ: "ನಾನೂ ಹಾಗೇ ಕಾಣ್ತಿದ್ನಾ?"

"ನೀನು ಇನ್ನೂ ಅಗಲವಾಗಿ ಕಾಣ್ತಿದ್ದೆ," ಎಂದೆ.

ಆ ಮನುಷ್ಯ ನಕ್ಕ. ಅವನಿಗೆ ನಗುವುದಕ್ಕೆ ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಶನಿವಾರ, 7 ಜೂನ್

ಕ್ರಾಂಜ್‌ಗೆ ಎಲ್ಲಿ ನಿಲ್ಲಬೇಕೆಂದೇ ಗೊತ್ತಿಲ್ಲ. ಚೆಂಡಿನ ಹಿಂದೆ ಓಡುತ್ತಾನೆ. ಅಂಪೈರ್ ಚೆಂಡಿನ ಹಿಂದೆ ಓಡಬಾರದು, ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೊದಲೇ ಹೋಗಿ ಸುಮ್ಮನೆ ನಿಂತಿರಬೇಕು. ಇದನ್ನು ವ್ಯಾನಿನಲ್ಲಿ ಹೇಳಿದರೆ ಅವನ ತಲೆಗೆ ಹೋಗಲಿಲ್ಲ. ಇವತ್ತು ನಮ್ಮ ಹಿತ್ತಲಿಗೆ ಬಂದ. ಹಿಟ್ಟಿನ ಚೀಲಗಳನ್ನು ಬೇಸುಗಳೆಂದು ಹಾಸಿದೆವು. ನಾನು ಆಲೂಗಡ್ಡೆ ಎಸೆದೆ. ಓಡುವುದಕ್ಕೆ ಯಾರೂ ಇರಲಿಲ್ಲವಾದ್ದರಿಂದ ಥೋರಾ ಏಪ್ರನ್ ಎತ್ತಿಕಟ್ಟಿ ಓಡಿದಳು. ಐವತ್ಮೂರು ವರ್ಷದ ಹೆಂಗಸು, ಎರಡನೇ ಚೀಲಕ್ಕೆ ಜಾರಿದಳು. ಕ್ರಾಂಜ್ ಔಟ್ ಎಂದ. ಅವಳು ಎದ್ದು ನಿಂತು, ಇವನ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು ಯಾರು ಎಂದು ಕೇಳಿದಳು. ಕ್ರಾಂಜ್ ಟೋಪಿ ತೆಗೆದು, "ತಾಯಿ, ನಿಮ್ಮ ಯಜಮಾನರ ಹತ್ರ ಕಲಿತದ್ದು," ಎಂದ.

ಆಮೇಲೆ ಮೂವರೂ ರೂಬಾರ್ಬ್ ಎಂಬ ಹುಳಿದಂಟಿನ ಕಡುಬು ತಿಂದೆವು. ಅವನು ಮೂರು ತುಂಡು ತಿಂದ. ಹಾಗೆ ಬರೆಯುವುದು ಸಣ್ಣತನ. ನಾನೂ ಎರಡು ತಿಂದೆ.

ಭಾನುವಾರ, 22 ಜೂನ್

ಕ್ರಾಂಜ್ ಇವತ್ತು ಒಂದು ತಪ್ಪೂ ಮಾಡಲಿಲ್ಲ. ಅವನಿಗೆ ಹೇಳಿಲ್ಲ.

ಬುಧವಾರ, 9 ಜುಲೈ

ಐದು ದಿನದಿಂದ ಬರೆಯುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕನೇ ತಾರೀಕು ಸ್ವಾತಂತ್ರ್ಯ ದಿನದ ಹಬ್ಬದ ಪಂದ್ಯದಲ್ಲಿ ಬ್ಯಾಟಿಗೆ ಅರ್ಧ ತಗುಲಿದ ಚೆಂಡೊಂದು ಮುಖವಾಡದ ಕೆಳಗೆ ನುಗ್ಗಿ ನೇರ ನನ್ನ ಗಂಟಲಿಗೆ ಬಡಿಯಿತು. ಕಣ್ಣು ಬಿಟ್ಟಾಗ ನಾನು ಮಾಂಸದ ವ್ಯಾನಿನ ಹಿಂಭಾಗದಲ್ಲಿ ಮಲಗಿದ್ದೆ. ಮೇಲೆ ಕೊಕ್ಕೆಗಳು ತೂಗುತ್ತಿದ್ದವು. ಮುಂದೆ ಕ್ರಾಂಜ್ ಜರ್ಮನ್‌ನಲ್ಲಿ ಪ್ರಾರ್ಥನೆಯನ್ನೋ ಬೈಗುಳವನ್ನೋ ಹೇಳುತ್ತ ಗಾಡಿ ಓಡಿಸುತ್ತಿದ್ದ. ಎರಡು ವಾರ ಒಂದು ಮಾತೂ ಆಡಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ಥೋರಾ ಅದನ್ನು ಓದದೆ ಮಡಚಿಡಲು ಕಲಿತುಬಿಟ್ಟಿದ್ದಾಳೆ.

ಇವತ್ತು ಸಂಜೆ ಕ್ರಾಂಜ್ ಬಂದ. ನುಂಗಲು ಸುಲಭವಾಗಲಿ ಎಂದು ಈರುಳ್ಳಿ ಹಾಕದ ಮೆತ್ತನೆಯ ಲಿವರ್ ಸಾಸೇಜ್ ಮಾಡಿ ತಂದಿದ್ದ. ಕುರ್ಚಿ ಎಳೆದುಕೊಂಡು ಕೂತ. ನಾನು ತಿರುಗಿ ಮಾತಾಡಲಾರೆ ಎಂದು ಅವನಿಗೆ ಗೊತ್ತಾಯಿತು. ಮುಖ ಅರಳಿತು. 1951ರ ಕಥೆ ತೆಗೆದ.

ಆ ವರ್ಷ ಸೇಂಟ್ ಒಡಿಲಿಯಾ ಫೈನಲಿಗೆ ಹೋಗಬೇಕಿತ್ತು. ಅವನ ತಂಡದವನು ಹೊಡೆದ ಚೆಂಡು ಮೈದಾನದ ಎಡಗಡೆಯ ಗೆರೆಯ ಅಂಚಿನಲ್ಲಿ ಬಿತ್ತು. ಗೆರೆಯಾಚೆ ಬಿತ್ತು, ಲೆಕ್ಕಕ್ಕಿಲ್ಲ ಎಂದು ನಾನು ಹೇಳಿದೆ. ಅವರು ಒಂದು ರನ್ನಿನಿಂದ ಸೋತರು. ಚೆಂಡು ಗೆರೆಯ ಮೇಲೇ ಬಿದ್ದಿತ್ತು, ಗೆರೆಗೆ ಹಾಕಿದ ಸುಣ್ಣ ಹೊಗೆಯ ಹಾಗೆ ಎದ್ದಿತ್ತು ಎಂದು ಕ್ರಾಂಜ್ ಏಳು ವರ್ಷದಿಂದ ಹೇಳುತ್ತಿದ್ದಾನೆ. ಇವತ್ತು ಕೂಗದೆ ಹೇಳಿದ. ಆಟಗಾರನಾಗಿ ಅವನ ಮಗ ರೋಮನ್‌ನ ಮೊದಲ ವರ್ಷ ಅದು, ಹದಿನೇಳರ ಹುಡುಗ. ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದನಂತೆ. "ನನಗೆ ಸೋತದ್ದಕ್ಕೆ ಸಿಟ್ಟಿರಲಿಲ್ಲ," ಎಂದ ಕ್ರಾಂಜ್. "ನೀನು ನೋಡಿದ್ದೆ ಅಂತ ಸಿಟ್ಟು."

ಚೀಟಿ ತೆಗೆದುಕೊಂಡೆ. ಸಾಸೇಜ್ ಚೆನ್ನಾಗಿದೆ ಎಂದಷ್ಟೇ ಬರೆದೆ.

ಇದು ನನ್ನೊಬ್ಬನ ಪುಸ್ತಕ, ಇಲ್ಲಿ ಬರೆಯಬಹುದು. ಸುಣ್ಣ ಎದ್ದಿತ್ತು. ಕೈಯೆತ್ತಿ ತೀರ್ಪು ಕೊಟ್ಟು ಅರೆಕ್ಷಣದಲ್ಲಿ ಕಂಡಿತು. ಕೈ ಅದಾಗಲೇ ಮೇಲೆ ಹೋಗಿತ್ತು.

ಭಾನುವಾರ, 20 ಜುಲೈ

ಅಂಪೈರ್ ಆದ ಮೇಲೆ ಮೊದಲ ಸಲ ಪ್ರೇಕ್ಷಕರ ಬೆಂಚಿನಲ್ಲಿ ಕೂತು ಪಂದ್ಯ ನೋಡಿದೆ. ಪ್ಲೇಟಿನ ಹಿಂದೆ ಕ್ರಾಂಜ್ ನಿಂತಿದ್ದ. ನನ್ನ ಎದೆಗವಚ ಅವನಿಗೆ ಸಾಲದೆ ಎರಡು ಬದಿಯಲ್ಲೂ ಹೊಟ್ಟೆ ಇಣುಕುತ್ತಿತ್ತು. ನನ್ನ ಹಿಂದೆ ಕೂತಿದ್ದ ಒಬ್ಬಾಕೆ, ಹತ್ತಿ ಟೋಪಿ ಹಾಕಿದ ಒಳ್ಳೆಯ ಮನೆತನದ ಹೆಂಗಸು, ಮೊದಲ ಚೆಂಡಿನಿಂದಲೇ ಅವನನ್ನು ಹರಿದು ತಿನ್ನಲು ಶುರುಮಾಡಿದಳು. ಕೊನೆಗೆ, ಹಂದಿ ಕಡಿಯುವವನಿಗೆ ನ್ಯಾಯ ಎಲ್ಲಿಂದ ಗೊತ್ತಾಗಬೇಕು ಎಂದಳು.

ನಾನು ತಿರುಗಿ, "ಅಮ್ಮಾ, ಆ ಚೆಂಡು ಸ್ಟ್ರೈಕೇ. ಅವನು ನನಗಿಂತ ಚೆನ್ನಾಗಿ ನೋಡ್ತಿದಾನೆ," ಎಂದೆ. ಹದಿನಾರು ದಿನದಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು. ಕಪ್ಪೆ ಮಾತಾಡಿದ ಹಾಗಿತ್ತು. ಥೋರಾ ನನ್ನನ್ನೇ ನೋಡಿದಳು. ಗಂಟಲು ನೋಯುತ್ತಾ ಎಂದು ಕೇಳಿದಳು. ಇಲ್ಲ ಎಂದೆ.

ಭಾನುವಾರ, 3 ಆಗಸ್ಟ್

ಮರಳಿ ಕೆಲಸಕ್ಕೆ. ಪಂದ್ಯ ಚೆನ್ನಾಗಿ ಹೋಯಿತು. ವಾಪಸು ಬರುವಾಗ ಸೇತುವೆಯ ಹತ್ತಿರ ಅಲೋಯಿಸ್‌ಗೆ ಹೇಳಿದೆ: "ಸುಣ್ಣ ಎದ್ದಿತ್ತು."

ಯಾವ ಸುಣ್ಣ ಎಂದು ಅವನು ಕೇಳಲಿಲ್ಲ. ವ್ಯಾನನ್ನು ರಸ್ತೆಯ ಬದಿಗೆ ಹಾಕಿ ನಿಲ್ಲಿಸಿದ. ಕೆಳಗಿಳಿದು ಜೋಳದ ಹೊಲದತ್ತ ಮುಖಮಾಡಿ ನಿಂತ. ಹೊಡೆಯುತ್ತಾನೇನೋ ಎಂದುಕೊಂಡು ನಾನೂ ಇಳಿದೆ. ಕೂತಲ್ಲೇ ಹೊಡೆಸಿಕೊಳ್ಳುವುದು ಸರಿಯಲ್ಲ. ಅವನು ಕರ್ಚೀಫಿನಿಂದ ಮುಖ ಒರೆಸಿಕೊಂಡು ಬಂದು, "ಏಳು ವರ್ಷ," ಎಂದ. "ನನ್ನ ಹೆಂಡತೀನೇ ಒಂದು ದಿನ ಅಂದಳು, ನಿನಗೆ ಭ್ರಮೆ ಇರಬಹುದು ಅಂತ. ನನಗೂ ಹಾಗೇ ಅನ್ಸೋಕೆ ಶುರುವಾಗಿತ್ತು."

ಮತ್ತೆ ಹತ್ತಿ ಕೂತೆವು. ಮನೆಯ ಮುಂದೆ ಇಳಿಸುವಾಗ, ರೋಮನ್‌ಗೆ ಹೇಳಬಹುದಾ ಎಂದು ಕೇಳಿದ. ಹೇಳು ಎಂದೆ.

ಗುರುವಾರ, 28 ಆಗಸ್ಟ್

ಭಾನುವಾರ ಫೈನಲ್. ಸೇಂಟ್ ಒಡಿಲಿಯಾ ಮತ್ತು ಗ್ರಾನ್ಬಿ. ಅಲೋಯಿಸ್‌ನ ತಂಡ ಫೈನಲಿಗೆ ಬಂದದ್ದು ಅವನು ಮ್ಯಾನೇಜರ್ ಆಗಿಲ್ಲದ ವರ್ಷದಲ್ಲೇ; ಪಾಪ. ನನ್ನ ಜೊತೆ ಪಕ್ಕದ ಜಿಲ್ಲೆಯಿಂದ ಒಬ್ಬ ಬರಬೇಕಿತ್ತು. ಅವನಿಗೆ ಮಂಗನಬಾವು, ಈ ವಯಸ್ಸಿನಲ್ಲಿ. ಪೈನ್ ಎಲ್ಲ ಕಡೆ ಫೋನು ಮಾಡಿದ. ಯಾರೂ ಇಲ್ಲ. ಕೊನೆಗೆ ಹ್ಯಾಗ್‌ಸ್ಟ್ರಾಮ್‌ಗೆ ಕೇಳಿದನಂತೆ, ಕ್ರಾಂಜ್ ಆದರೆ ನಿಮ್ಮ ಆಕ್ಷೇಪ ಇದೆಯೇ, ಅವನ ಸ್ವಂತ ತಂಡ, ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೇರೆ ಅವನ ಮಗ. ಹ್ಯಾಗ್‌ಸ್ಟ್ರಾಮ್ ಯೋಚಿಸಿ ಹೇಳಿದನಂತೆ: "ಬರ್ಲಿ ಬಿಡು. ಕ್ರಾಂಜ್ ಮೋಸ ಮಾಡಿದ್ರೆ ಮೂರು ಊರಿಗೆ ಕೇಳೋ ಹಾಗೆ ಕೂಗಿಕೊಂಡೇ ಮಾಡ್ತಾನೆ."

ಭಾನುವಾರ, 31 ಆಗಸ್ಟ್

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಒಂಬತ್ತನೇ ಇನ್ನಿಂಗ್ಸ್, ಕೊನೆಯ ಪಾಳಿ. ಸೇಂಟ್ ಒಡಿಲಿಯಾ ಮೂರು, ಗ್ರಾನ್ಬಿ ಎರಡು. ಗ್ರಾನ್ಬಿಯ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾದರೆ ಮುಗಿಯಿತು. ಎರಡನೇ ಬೇಸಿನಲ್ಲಿ ಅವರ ಓಟಗಾರ ಒಬ್ಬನಿದ್ದ. ಬ್ಯಾಟಿನವನು ಬಲಗಡೆಗೆ ಬಲವಾಗಿ ಹೊಡೆದ. ಓಟಗಾರ ಮೂರನೇ ಬೇಸನ್ನೂ ದಾಟಿ ಹೋಮ್ ಪ್ಲೇಟಿನ ಕಡೆಗೆ ತಲೆ ಬಗ್ಗಿಸಿ ಬಂದ. ಬಲಗಡೆಯಿಂದ ಒಳ್ಳೆಯ ಎಸೆತ ಬಂತು. ರೋಮನ್ ಕ್ರಾಂಜ್ ಪ್ಲೇಟಿಗೆ ಅಡ್ಡ ನಿಂತು ಹಿಡಿದ. ಇಬ್ಬರೂ ಡಿಕ್ಕಿ ಹೊಡೆದರು. ಧೂಳು. ಚೆಂಡಿದ್ದ ಕೈ ಓಟಗಾರನ ಪಕ್ಕೆಗೆ ತಗುಲಿದ್ದು ನನಗೆ ಸ್ಪಷ್ಟ ಕಂಡಿತು. ರೋಮನ್ ಕೂತಲ್ಲಿಂದಲೇ ಗ್ಲೋವ್ ಮೇಲೆತ್ತಿ ತೋರಿಸಿದ, ಒಳಗೆ ಬೆಳ್ಳನೆಯ ಚೆಂಡು. ನಾನು ಔಟ್ ಕೊಟ್ಟೆ.

ಸೇಂಟ್ ಒಡಿಲಿಯಾದ ಜನ ಬೇಲಿ ಹಾರಿ ಒಳಗೆ ಬಂದರು. ಅವರ ಪಾದ್ರಿ ಟೋಪಿ ಎಸೆದರು. ಹ್ಯಾಗ್‌ಸ್ಟ್ರಾಮ್ ಬಂದು ನನ್ನ ಮುಂದೆ ನಿಂತ. ಚೆಂಡು ಬಿದ್ದಿತ್ತು, ಬಿದ್ದರೆ ಔಟಿಲ್ಲ, ರೋಮನ್ ಧೂಳಿನಲ್ಲಿ ಎತ್ತಿಕೊಂಡ ಎಂದ. ಅವನು ಕೂಗದೆ ಹೇಳಿದ್ದರಿಂದ ನಾನು ಕೇಳಿಸಿಕೊಂಡೆ. ನಾನು ನಿಂತಿದ್ದದ್ದು ಮೂರನೇ ಬೇಸಿನ ಕಡೆ. ರೋಮನ್‌ನ ಬೆನ್ನು ನನಗೆ ಅಡ್ಡವಿತ್ತು. ಆಚೆ ಬದಿ ನನಗೆ ಕಂಡಿಲ್ಲ.

ಆಚೆ ಬದಿಯನ್ನು ನೋಡುವ ಜಾಗದಲ್ಲಿ ಒಬ್ಬನೇ ಇದ್ದ. ತಲೆ ಎತ್ತಿ ನೋಡಿದೆ. ಸುತ್ತ ಅವನ ಊರಿನವರೇ ಕುಣಿಯುತ್ತಿದ್ದರು. ಒಬ್ಬರು ಅವನ ಬೆನ್ನು ತಟ್ಟಿದರು. ಅವನು ಕೈ ಹಿಂದೆ ಕಟ್ಟಿಕೊಂಡು ತನ್ನ ಬೂಟು ನೋಡುತ್ತ ನಿಂತಿದ್ದ. ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯ ಅಷ್ಟು ಸುಮ್ಮನೆ ನಿಂತದ್ದನ್ನು ನಾನು ನೋಡಿಲ್ಲ.

ಕೇಳದೆ ಇರಬಹುದಿತ್ತು. ಕೇಳದಿದ್ದರೆ ಅವನಿಗೆ ಹೇಳುವ ಹಕ್ಕಿಲ್ಲ, ಅವನ ಮೇಲೆ ತಪ್ಪೂ ಇಲ್ಲ. ಅದು ಅವನಿಗೆ ನಾನು ಮಾಡುವ ಉಪಕಾರವೂ ಆಗುತ್ತಿತ್ತು. ಪ್ಲೇಟಿನಿಂದ ಅವನ ಹತ್ತಿರಕ್ಕೆ ಮೂವತ್ತು ಹೆಜ್ಜೆ ಇರಬಹುದು. ನಡೆಯುತ್ತ ಇದನ್ನೆಲ್ಲ ಯೋಚಿಸಿದೆ.

"ಅಲೋಯಿಸ್, ನಿನಗೇನು ಕಾಣ್ತು?"

ಅವನು ನನ್ನ ಮುಖ ನೋಡಿದ. "ಕೇಳಿಬಿಟ್ಯಲ್ಲ, ಸೆಲ್ಮರ್."

"ಹೌದು."

"ಬಿತ್ತು. ಅವನ ತೊಡೆ ಹಿಂದೆ ಬಿತ್ತು. ಎತ್ಕೊಂಡು ತೋರಿಸ್ದ."

ನಾನು ವಾಪಸು ಪ್ಲೇಟಿಗೆ ನಡೆದು ಎರಡೂ ಕೈ ಅಗಲಿಸಿ ಸೇಫ್ ಕೊಟ್ಟೆ, ಔಟ್ ಅಲ್ಲ, ರನ್ ಲೆಕ್ಕಕ್ಕಿದೆ ಎಂದು. ಮೂರು, ಮೂರು. ಜನರನ್ನು ಮೈದಾನದಿಂದ ಹೊರಗೆ ಹಾಕಲು ಇಪ್ಪತ್ತು ನಿಮಿಷ ಬೇಕಾಯಿತು. ಮುಂದಿನ ಬ್ಯಾಟಿನವನು ಎರಡನೇ ಚೆಂಡಿಗೇ ಹೊಡೆದ, ಗ್ರಾನ್ಬಿ ಗೆದ್ದಿತು. ಅಷ್ಟು ಹೊತ್ತೂ ರೋಮನ್ ನನ್ನ ಮುಂದೆ ಒಂದು ಮೊಳ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಸಲವೂ ಹಿಂತಿರುಗಲಿಲ್ಲ. ಕತ್ತಿನ ಹಿಂಭಾಗ ಕೆಂಪಗಾಗಿತ್ತು.

ವ್ಯಾನಿನ ಗಾಜಿಗೆ ಮೊಟ್ಟೆ ಹೊಡೆದಿದ್ದರು. ನಾನು ಒರೆಸಿದೆ.

ಸೋಮವಾರ, 1 ಸೆಪ್ಟೆಂಬರ್

ರಜೆ. ಏನೂ ಮಾಡಲಿಲ್ಲ. ಅಲೋಯಿಸ್‌ನನ್ನು ಅವನ ಮನೆಯಲ್ಲಿ ಲೋಯಿ ಎನ್ನುತ್ತಾರೆ. ಲೋಯಿ ಊಟ ಮಾಡಿರುತ್ತಾನೋ ಇಲ್ಲವೋ.

ಶನಿವಾರ, 6 ಸೆಪ್ಟೆಂಬರ್

ಥೋರಾ ಮತ್ತು ನಾನು ಸೇಂಟ್ ಒಡಿಲಿಯಾಕ್ಕೆ ಹೋಗಿ ಮಾಂಸ ತಂದೆವು. ಬೆಳಿಗ್ಗೆ ಹತ್ತು ಗಂಟೆ, ಶನಿವಾರ, ಸಾಲು ಇರಬೇಕಾದ ಹೊತ್ತು. ಅಂಗಡಿಯಲ್ಲಿ ಲೋಯಿ ಒಬ್ಬನೇ ತೊಳೆದ ಹಲಗೆಯನ್ನೇ ಮತ್ತೆ ತೊಳೆಯುತ್ತಿದ್ದ. ಊರಿನವರು ವಾರದಿಂದ ಒಳಗೆ ಕಾಲಿಟ್ಟಿಲ್ಲ. ಅವನು ಲೀಗಿಗೆ ಹೆದರಿ ಸ್ವಂತ ಮಗನನ್ನು ಮಾರಿದ ಎಂದು ಮಾತು. ರೋಮನ್ ಹಿಂದಿನ ಹೊಗೆಮನೆಯಲ್ಲೇ ಕೆಲಸ ಮಾಡಿ ಹಿಂಬಾಗಿಲಿನಿಂದ ಹೋಗುತ್ತಾನಂತೆ. ಮಾತಿಲ್ಲ.

ಥೋರಾ ಹತ್ತು ಪೌಂಡ್ ಕೊಟ್ಟುಬಿಡು ಎಂದಳು. ಹತ್ತು ಪೌಂಡ್ ಏನು ಎಂದು ಅವನು ಕೇಳಿದ. ಏನಾದರೂ ಎಂದಳು.

ನಾನು ಕೇಳಬಾರದಿತ್ತು ಎಂದೆ ಅವನಿಗೆ. ಲೋಯಿ ಮಾಂಸ ಕಟ್ಟುತ್ತ ಹೇಳಿದ: "ನೀನು ಕೇಳದೇ ಇದ್ದಿದ್ರೆ ಇಡೀ ಜನ್ಮ ನಾನು ಅವನ ಜೊತೆ ಆ ಸುಳ್ಳನ್ನ ಹೊತ್ಕೊಂಡು ಇರ್ಬೇಕಿತ್ತು. ಈಗ ಬರೀ ಸಿಟ್ಟು ಹೊತ್ಕೊಂಡಿದೀವಿ. ಅದು ಇಳಿಯತ್ತೆ."

ಇಳಿಯುತ್ತದೆ ಎಂದು ಅವನ ಮುಖ ಹೇಳಲಿಲ್ಲ.

ಭಾನುವಾರ, 14 ಸೆಪ್ಟೆಂಬರ್

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಲೋಯಿಯ ವ್ಯಾನ್ ಬಂತು. ಚರ್ಚಿನ ಬಟ್ಟೆಯಲ್ಲೇ ಇದ್ದ. ಒಳಗೆ ಬಂದು ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತೇ ಹೇಳಿದ.

ಪೂಜೆ ಮುಗಿದ ಮೇಲೆ ಅವರು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಾರೆ. ಲೋಯಿ ಮೂಲೆಯ ಮೇಜಿನಲ್ಲಿ ಹೆಂಡತಿ ಬರ್ನಡೀನ್ ಜೊತೆ ಇದ್ದ. ಅಕ್ಕಪಕ್ಕ ಯಾರೂ ಕೂತಿರಲಿಲ್ಲ. ಪಕ್ಕದ ಮೇಜಿನಲ್ಲಿ ಯಾರೋ, ಅವನಿಗೆ ಕೇಳಲಿ ಎಂದೇ, ಮಾರಿದವನ ಕಥೆ ಎತ್ತಿದರು. ರೋಮನ್ ಹೆಂಗಸರ ಸಾಲಿನ ಹತ್ತಿರ ಕಾಫಿ ತುಂಬಿಸಿಕೊಳ್ಳುತ್ತಿದ್ದವನು ಬಟ್ಟಲು ಕೆಳಗಿಟ್ಟ.

"ಅಪ್ಪ ಯಾರನ್ನೂ ಮಾರಿಲ್ಲ. ಚೆಂಡು ನನ್ನ ಕೈಯಿಂದ ಬಿತ್ತು. ಎತ್ಕೊಂಡು ತೋರಿಸಿದ್ದು ನಾನು. ಅವತ್ತು ಆ ಮೈದಾನದಲ್ಲಿ ಸುಳ್ಳು ಹೇಳಿದ್ದು ನಾನೊಬ್ಬನೇ."

ಅಷ್ಟೇ ಹೇಳಿ ಬಟ್ಟಲು ಎತ್ತಿಕೊಂಡನಂತೆ. ಲೋಯಿಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ವ್ಯಾನಿನಲ್ಲಿ ಕೂತ. ಸ್ವಲ್ಪ ಹೊತ್ತಿಗೆ ರೋಮನ್ ಬಂದು ಈಚೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತ. ಆಮೇಲೆ ರೋಮನ್, ಹೊಗೆಮನೆಯಲ್ಲಿ ತೂಗುಹಾಕಿದ ಹಂದಿ ತೊಡೆಗಳನ್ನು ಇವತ್ತು ತಿರುಗಿಸಬೇಕಾ, ನಾಳೆಯಾ ಎಂದು ಕೇಳಿದ. ನಾಳೆ ಆದರೂ ನಡೆಯುತ್ತದೆ ಎಂದು ಲೋಯಿ ಹೇಳಿದ.

"ಅಷ್ಟೇ ಮಾತಾಡಿದ್ದು," ಎಂದ ಲೋಯಿ. ಅಷ್ಟು ಹೇಳುವುದಕ್ಕೆ ಹದಿನಾಲ್ಕು ಮೈಲಿ ಬಂದಿದ್ದ. ಥೋರಾ ಅವನ ಮುಂದೆ ತಟ್ಟೆ ಇಟ್ಟಳು.

ಶುಕ್ರವಾರ, 17 ಏಪ್ರಿಲ್ 1959

ಚಳಿಗಾಲದಲ್ಲಿ ಬರೆಯುವುದು ತಪ್ಪಿಹೋಯಿತು. ಗುರುವಾರ ಗುರುವಾರ ಲೋಯಿ ಇಸ್ಪೀಟಿಗೆ ಬರುತ್ತಿದ್ದ. ಹೇಳಬೇಕಾದದ್ದೆಲ್ಲ ಅಲ್ಲೇ ಮುಗಿಯುತ್ತಿತ್ತು.

ಪೈನ್ ಡೇರಿಗೆ ಬಂದಿದ್ದ. ಅವನಿಗೆ ತಲೆಬಿಸಿ. ಲೋಯಿಯ ಶಿಕ್ಷೆ ಮುಗಿದಿದೆ. ಮತ್ತೆ ಮ್ಯಾನೇಜರ್ ಆಗು ಎಂದರೆ, ಪ್ಲೇಟಿನ ಹಿಂದೆ ನಿಲ್ಲುವುದು ತನಗಿನ್ನೂ ಸರಿಯಾಗಿ ಬಂದಿಲ್ಲ, ಇನ್ನೊಂದು ವರ್ಷ ಕಲಿಯುತ್ತೇನೆ ಎನ್ನುತ್ತಾನಂತೆ. ಸೇಂಟ್ ಒಡಿಲಿಯಾದವರು ರೋಮನ್‌ನನ್ನು ಮ್ಯಾನೇಜರ್ ಮಾಡಿದ್ದಾರೆ. ರೋಮನ್ ಬರೆದ ಕಾಗದವನ್ನು ಪೈನ್ ನನಗೆ ಓದಲು ಕೊಟ್ಟ. ಗ್ರಾನ್ಬಿ ಜೊತೆಗಿನ ಮೊದಲ ಪಂದ್ಯಕ್ಕೆ ಸೆಲ್ಮರ್ ಆಸನ್ ಮತ್ತು ತನ್ನ ಅಪ್ಪನನ್ನೇ ಕಳಿಸಬೇಕಂತೆ. ಬೇರೆಯವರು ಬಂದರೆ ಅವರನ್ನು ಹೇಗೆ ಬೈಯಬೇಕು ಎಂದು ನಮ್ಮೂರಿನವರು ಹೊಸದಾಗಿ ಕಲಿಯಬೇಕಾಗುತ್ತದೆ ಎಂದು ಬರೆದಿದ್ದ. ಕೆಳಗೆ ಹ್ಯಾಗ್‌ಸ್ಟ್ರಾಮ್‌ನ ಸಹಿಯೂ ಇತ್ತು. ಈ ಎರಡು ಊರುಗಳು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ತನ್ನ ಕಾಲದಲ್ಲಿ ಇದೇ ಮೊದಲು ಎಂದ ಪೈನ್.

ಭಾನುವಾರ, 3 ಮೇ

ಏಳನೇ ಇನ್ನಿಂಗ್ಸಿನಲ್ಲಿ ಲೋಯಿ ಎರಡನೇ ಬೇಸಿನಲ್ಲಿ ಸೇಂಟ್ ಒಡಿಲಿಯಾದ ಓಟಗಾರನಿಗೆ ಔಟ್ ಕೊಟ್ಟ. ರೋಮನ್ ಬೆಂಚಿನಿಂದ ಎದ್ದು ಬಂದ. ಟೋಪಿ ನೆಲಕ್ಕೆ ಹಾಕಿದ. ಅಪ್ಪನ ಸುತ್ತ ಒಂದು ಸುತ್ತು ಹೊಡೆದ. ಕಾಲಿನಿಂದ ಬೇಸು ತೋರಿಸಿದ, ಕೈಯಿಂದ ಆಕಾಶ ತೋರಿಸಿದ. ಎರಡೂ ಊರಿನವರು ಬೆಂಚುಗಳ ಮೇಲೆ ಎದ್ದು ನಿಂತರು. ಲೋಯಿ ಗಲ್ಲ ಮುಂದೆ ಮಾಡಿ ಎಲ್ಲ ಕೇಳಿಸಿಕೊಂಡ. ಹೊರಗೆ ಕಳಿಸಬೇಕಾದೀತೋ ಎಂದು ನಾನು ಹತ್ತಿರ ನಡೆದೆ. ಅಷ್ಟರಲ್ಲಿ ಲೋಯಿ ಏನೋ ಎರಡು ಮಾತು ಹೇಳಿದ. ರೋಮನ್ ಟೋಪಿ ಎತ್ತಿಕೊಂಡು ಹೋದ.

ಏನು ಹೇಳಿದೆ ಎಂದು ವ್ಯಾನಿನಲ್ಲಿ ಕೇಳಿದೆ. ಸಂಜೆ ಊಟಕ್ಕೆ ಬರ್ತೀಯಾ, ಅಮ್ಮ ಕೇಳ್ತಿದ್ಲು, ಎಂದನಂತೆ. ಬರ್ತೀನಿ, ಆದರೆ ಅವನು ಸೇಫೇ, ಎಂದನಂತೆ ಮಗ.

ಸ್ವಲ್ಪ ದೂರ ಹೋದ ಮೇಲೆ ಲೋಯಿ ತಡೆಯಲಾರದೆ ಕೇಳಿದ: "ಚೆನ್ನಾಗಿ ಬೈತಾನೆ, ಅಲ್ವಾ?"

"ಅವಸರ ಮಾಡ್ತಾನೆ," ಎಂದೆ. "ಇನ್ನೊಂದೆರಡು ವರ್ಷ ಬೇಕು."

ಥೋರಾಳನ್ನೂ ಕರೆದಿದ್ದರು. ಬರ್ನಡೀನ್ ಹಂದಿಮಾಂಸ, ಹುಳಿ ಎಲೆಕೋಸು, ಬೆಣ್ಣೆ ಹಾಕಿದ ಆಲೂಗಡ್ಡೆ ಮಾಡಿದ್ದಳು. ಪ್ರಾರ್ಥನೆ ಮುಗಿಯುವ ತನಕ ರೋಮನ್ ಸುಮ್ಮನಿದ್ದ. ಆಮೆನ್ ಎಂದವನೇ ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಇದು ಎರಡನೇ ಬೇಸು ಎಂದ. ಫೋರ್ಕು ಓಟಗಾರನಾಯಿತು. ಲೋಯಿ ಫೋರ್ಕನ್ನು ಅರ್ಧ ಇಂಚು ಹಿಂದಕ್ಕೆ ಸರಿಸಿದ. ರೋಮನ್ ಮುಂದಕ್ಕೆ ಸರಿಸಿದ. ಇಬ್ಬರೂ ನನ್ನ ಮುಖ ನೋಡಿದರು. ನನಗೆ ಅಲ್ಲಿಂದ ಸರಿಯಾಗಿ ಕಾಣಲಿಲ್ಲ ಎಂದೆ. ಇದನ್ನು ಹೇಳುವುದು ಎಷ್ಟು ಸುಲಭ. ಅವರಿಬ್ಬರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ಆಲೂಗಡ್ಡೆ ಆರಿತು, ಕಾಫಿ ಆರಿತು, ಫೋರ್ಕು ಇನ್ನೂ ಜಾರುತ್ತಲೇ ಇತ್ತು. ಕೊನೆಗೆ ಬರ್ನಡೀನ್ ಬಟ್ಟೆ ಹಿಡಿದು ಬಂದಳು. ಮೇಜು ಒರೆಸಬೇಕು, ಕೈ ತೆಗೀರಿ ಎಂದು ಎರಡನೇ ಬೇಸನ್ನೇ ಎತ್ತಿಕೊಂಡು ಒಳಗೆ ಹೋದಳು.